ಹದಿನಾಲ್ಕು ಬುಟ್ಟಿ, ಏಳು ಐದರ ರೈಲು

೨ ಜೂನ್ ೧೯೫೮, ಸೋಮವಾರ

ಬರೆಯುವುದು ನನ್ನ ಕೆಲಸವಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಡಿ ಬಂದವನು. ಬಸ್ಸು ಓಡಿಸುವುದಕ್ಕೆ ಅಕ್ಷರ ಬೇಕಾಗಲಿಲ್ಲ, ಮಾಲೀಕನಾಗುವುದಕ್ಕೂ ಬೇಕಾಗಲಿಲ್ಲ. ಮಗಳು ಅನಸೂಯ ಈ ನೋಟ್‌ಬುಕ್ ತಂದು ಮುಂದೆ ಎಸೆದಳು.

"ಅಪ್ಪಾ, ಸ್ಟೇಷನ್ ಮಾಸ್ಟರತ್ರ ಓಗಿ ರೈಲ್ ನಿಲ್ಸಿ ಅಂತ ಬರೀ ಕೂಗಾಡ್ಕಂಡ್ ಬತ್ತೀಯ. ಬಸ್ ಎಷ್ಟೊತ್ಗೆ ಬಂತು ಅಂದ್ರೆ ಬಾಯಿಲ್ಲ. ದಿನಾ ಬರಿ."

ಮೇಷ್ಟ್ರ ಹೆಂಡತಿಯಾದ ಮೇಲೆ ಅವಳಿಗೆ ನಾವೆಲ್ಲ ಒಂದನೇ ಕ್ಲಾಸು.

ಬೂದಿಕೋಟೆ ಬಿಟ್ಟಿದ್ದು ೬-೧೦. ಬಂಗಾರಪೇಟೆ ೬-೫೦. ಕೆ.ಜಿ.ಎಫ್. ರೈಲು ೭-೦೫. ಸೊಪ್ಪಿನ ಹೆಂಗಸರಿಗೆ ಇವತ್ತೂ ರೈಲು ತಪ್ಪಿತು.

ಇಂಜಿನ್ನಿಗೆ ಉಬ್ಬಸ. ಅದೇ ಕಾರಣ. ಹೊಸ ಬಸ್ಸು ಬಂದರೆ ಎಲ್ಲ ನೆಟ್ಟಗಾಗುತ್ತದೆ.

೩ ಜೂನ್

೬-೪೮.

ಬಸ್ ಸ್ಟ್ಯಾಂಡಿನಲ್ಲಿ ನರಸಮ್ಮ ಅಡ್ಡ ನಿಂತಳು. ಹದಿನಾಲ್ಕು ಜನ ಸೊಪ್ಪಿನವರಿಗೆ ಅವಳೇ ಯಜಮಾನಿ.

"ಏನ್ ಬಾವಾ, ನಿನ್ ಬಸ್ಸು ರೈಲ್ ಇಡಿಯಕ್ ಬತ್ತದೋ, ರೈಲಿನ್ ಬಾಲ ನೋಡಕ್ ಬತ್ತದೋ?"

ಕೆ.ಜಿ.ಎಫ್.ನ ಊರಿಗಾಂನಲ್ಲಿ, ಗಣಿ ಕೂಲಿಗಳ ಲೈನುಮನೆಗಳಲ್ಲಿ, ರಾತ್ರಿ ಪಾಳಿಯವರು ಗಣಿಯಿಂದ ಮನೆಗೆ ಬರುವ ಹೊತ್ತಿಗೆ ಸೊಪ್ಪು ಬಾಗಿಲಲ್ಲಿರಬೇಕಂತೆ. ಮುಂದಿನ ರೈಲಿಗೆ ಹೋದರೆ ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ, ತಿರುಗಿ ನೋಡುವವರಿಲ್ಲ.

"ಈ ತಿಂಗ್ಳು ನೋಡ್ತೀವಿ. ಆಮ್ಯಾಕೆ ಎತ್ತಿನ್ ಗಾಡಿ ಮಾಡ್ಕಂತೀವಿ."

ಎತ್ತಿನ ಗಾಡಿ! ನನ್ನ ಮುಂದೆ!

ಅವರಿಲ್ಲದಿದ್ದರೆ ಮೊದಲ ಟ್ರಿಪ್ಪು ಖಾಲಿ. ನಿಲ್ಲಿಸಬೇಕಾಗುತ್ತದೆ. ಇಪ್ಪತ್ತು ವರ್ಷದಿಂದ ನಿಂತಿಲ್ಲ.

ಮಧ್ಯಾಹ್ನವೇ ಬೆಂಗಳೂರಿಗೆ ಹೋದೆ. ಹೊಸ ಬಸ್ಸಿನ ಚಾಸಿ ಬಂದು ಕುಪ್ಪುಸ್ವಾಮಿ ಮೇಸ್ತ್ರಿಯ ಶೆಡ್ಡಿನಲ್ಲಿ ನಿಂತಿದೆ. ಬಾಡಿ ಕಟ್ಟುವುದರಲ್ಲಿ ಗಟ್ಟಿಗ. ನಲವತ್ತು ಸೀಟು, ಅಂಥದ್ದು ಜಿಲ್ಲೆಯಲ್ಲಿ ಬೇರೆ ಯಾರಿಗೂ ಇರಬಾರದು ಎಂದೆ. ಹಳೇ ಗಾಡಿ ಜುಲೈ ಕೊನೆಯವರೆಗೆ ಮಾತ್ರ ರಸ್ತೆಯ ಮೇಲೆ. ಆಮೇಲೆ ಗುಜರಿ.

೬ ಜೂನ್

೬-೫೦, ೬-೪೮, ೬-೫೧, ೬-೪೯, ಇವತ್ತು ೬-೫೦.

ಬರೆದದ್ದನ್ನು ಮೇಲಿಂದ ಕೆಳಗೆ ನೋಡಿದೆ. ರೈಲಿಗೆ ಕಾಲು ಗಂಟೆ ಇದೆ. ಸ್ಟೇಷನ್ನು ಕೂಗಳತೆ ದೂರ. ಇಂಜಿನ್ನಿನ ತಪ್ಪೇ ಅಲ್ಲ!

ಬರೆದಿದ್ದರಿಂದ ಗೊತ್ತಾಯಿತು ಎಂದು ಅನಸೂಯಳಿಗೆ ಹೇಳುವುದಿಲ್ಲ.

೭ ಜೂನ್

ಸ್ಟ್ಯಾಂಡಿನಲ್ಲಿ ನಿಂತು ನೋಡಿದೆ. ಕಂಡಕ್ಟರ್ ಕದಿರಪ್ಪ ಟಾಪ್ ಹತ್ತಿ ಒಂದೊಂದೇ ಬುಟ್ಟಿ ಇಳಿಸುತ್ತಾನೆ. ನೆಲಕ್ಕೆ ಇಡುತ್ತಾರೆ. ನೆಲದಿಂದ ತಲೆಗೆ ಎತ್ತಿಕೊಡಲು ಇನ್ನೊಬ್ಬಳು ಬೇಕು. ಒದ್ದೆ ಸೊಪ್ಪು, ಕಲ್ಲಿನ ಭಾರ. ಒಂದು ಬುಟ್ಟಿಗೆ ಒಂದು ನಿಮಿಷ. ಹದಿನಾಲ್ಕು ಬುಟ್ಟಿಗೆ ಹದಿನಾಲ್ಕು. ಒಬ್ಬರನ್ನು ಬಿಟ್ಟು ಒಬ್ಬರು ಹೋಗುವುದಿಲ್ಲ. ಕೊನೆಯವಳಿಗೆ ಎತ್ತಿಕೊಟ್ಟವಳಿಗೆ ಎತ್ತಿಕೊಡುವವರು ಯಾರು? ಕೊನೆಗೆ ಉಳಿದ ಮಂಗಮ್ಮ ಕೈ ಚಾಚಿಕೊಂಡು ನಿಂತಿದ್ದಳು. ನಾನೇ ಎತ್ತಿದೆ. ಸೊಂಟ ಲಟಕ್ ಎಂದಿತು. ಅಷ್ಟರಲ್ಲಿ ರೈಲು ಕೂಗಿತು.

ನಲವತ್ತಲ್ಲ, ನಾಲ್ಕುನೂರು ಸೀಟಿನ ಬಸ್ಸು ತಂದರೂ ಇದೇ ಕಥೆ.

೯ ಜೂನ್

ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು ಕೆರೆ ಏರಿಯ ಮೇಲೆ ಕೂತಿದ್ದೆ. ಅಲ್ಲಿ ಹೊರೆ ಇಳಿಸುವ ಕಲ್ಲಿದೆ. ಎರಡು ನಿಂತ ಚಪ್ಪಡಿ, ಮೇಲೊಂದು ಅಡ್ಡ ಚಪ್ಪಡಿ, ತಲೆಯೆತ್ತರ. ಸೌದೆಯವಳೊಬ್ಬಳು ಬಂದಳು. ಹೊರೆಯನ್ನು ತಲೆಯಿಂದ ಕಲ್ಲಿಗೆ ಜಾರಿಸಿದಳು, ಎಲೆ ಅಡಿಕೆ ಹಾಕಿಕೊಂಡಳು, ತಲೆ ಕೊಟ್ಟು ಎಳೆದುಕೊಂಡು ಹೋದಳು. ಯಾರ ಸಹಾಯವೂ ಇಲ್ಲ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಇವತ್ತು ನೋಡಿದೆ.

ಆ ಕಲ್ಲು ಬಸ್ಸಿನ ಹಿಂದೆ ಇರಬೇಕು.

೧೨ ಜೂನ್

ಹಳೇ ಬಸ್ಸಿನ ಹಿಂದಿನ ಎಂಟು ಸೀಟು ಕಿತ್ತು ಹಾಕಿಸಿದೆ. ಹಿಂದೆ ಮತ್ತು ಎರಡು ಪಕ್ಕ ತಗಡು ಬಿಚ್ಚಿ, ಮೂರು ಕಡೆಯೂ ತಲೆಯೆತ್ತರಕ್ಕೆ ಹಲಗೆ. ಬಡಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ನಾನೇ ಅಳತೆ ಕೊಟ್ಟೆ. ನಾಳೆ ನೋಡಲಿ ಎಲ್ಲರೂ.

೨೧ ಜೂನ್

ಎಂಟು ದಿನ ಬರೆಯಲಿಲ್ಲ. ಕೇಳುವವರು ಯಾರು.

ಅಳತೆ ನನ್ನ ತಲೆಯದು. ನಾನು ಆರಡಿ. ಹೆಂಗಸರು ತುದಿಗಾಲಲ್ಲಿ ನಿಂತರೂ ಬುಟ್ಟಿ ಹಲಗೆಗೆ ಏರಲಿಲ್ಲ. ಒಂದು ಬುಟ್ಟಿ ದಂಟಿನ ಸೊಪ್ಪು ಕದಿರಪ್ಪನ ಮೇಲೆ ಬಿತ್ತು. ನರಸಮ್ಮ ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಹೇಳಿದಳು:

"ಒಳ್ಳೆ ಹಲಗೆ ಬಾವಾ! ಸೊಪ್ಪೂ ನೀನೇ ಒತ್ಕಂಡೋಗಿ ಮಾರು."

ಬೈದೆ. ಅವಳೂ ಬೈದಳು. ಒಂದು ವಾರ ಹೆಂಗಸರು ಮತ್ತೆ ಟಾಪಿನ ಮೇಲೆಯೇ ಬುಟ್ಟಿ ಹಾಕಿದರು.

ಇವತ್ತು ನಾನೇ ಅವಳ ಮನೆಗೆ ಹೋದೆ. "ಬಾ ತಾಯಿ, ನಿನ್ ತಲೆ ಕೊಡು" ಎಂದೆ.

"ನನ್ ತಲೆ ಕೇಳಕ್ಕೆ ಇಷ್ಟ್ ದಿನ ಬೇಕಾಯ್ತಾ?"

ಬಂದಳು. ತಲೆಯ ಮೇಲಿನ ಬಟ್ಟೆ ಸಿಂಬಿ ಸಮೇತ ದಾರದಲ್ಲಿ ಅಳೆದು ಹಲಗೆ ಇಳಿಸಿದೆವು. ಅಂಚು ಒಂದು ಗೇಣು ಹೊರಗೆ ಚಾಚಿರಲಿ ಎಂದದ್ದೂ ಅವಳೇ. ಸರಿಯಾಗಿಯೇ ಹೇಳಿದಳು.

೨೩ ಜೂನ್

ಬಸ್ಸು ೬-೫೦. ಕೊನೆಯ ಬುಟ್ಟಿ ತಲೆಗೆ ೬-೫೪. ಹದಿನಾಲ್ಕು ಜನರೂ ರೈಲು ಹತ್ತಿದರು. ಮಂಗಮ್ಮ ಕಿಟಕಿಯಿಂದ ಏನೋ ಕೂಗಿದಳು, ಕೇಳಿಸಲಿಲ್ಲ. ಬೈಗುಳವಲ್ಲ.

ಕದಿರಪ್ಪ ಟಾಪ್ ಹತ್ತದೆ ಬೀಡಿ ಹಚ್ಚಿದ. "ಇಳ್ಸೋ ಬೀಡಿ" ಎಂದೆ.

೨೪ ಜೂನ್

೬-೪೯. ಹತ್ತಿದರು.

೨೬ ಜೂನ್

ಬೆಂಗಳೂರು. ಹೊಸ ಬಸ್ಸಿಗೂ ಇದೇ ಹಲಗೆ ಬೇಕೆಂದು ಲೆಕ್ಕ ಹೇಳಿದೆ. ಕುಪ್ಪುಸ್ವಾಮಿ ಕನ್ನಡಕ ತೆಗೆದು ನನ್ನನ್ನೇ ನೋಡಿದ.

"ಎನ್ನ ಪೆರಿಯವರೇ, ಏನ್ ಯಜಮಾನ್ರೇ, ಇದು ಬಸ್ಸಾ, ಸೊಪ್ಪಿನಂಗಡಿಯಾ? ಎಂಟು ಸೀಟು ಓಗ್ತದೆ. ನಲವತ್ತು ಬರೆದು ಕಬ್ಬಿಣ ಕತ್ತರಿಸೋಕೆ ಇಟ್ಟಿದ್ದೀನಿ. ನೋಡಿದವ್ರು ನಗ್ತಾರೆ, ನನ್ನ ಶೆಡ್ ಎಸ್ರು ಓಗ್ತದೆ."

"ಕತ್ತರಿಸಿದ್ದೀಯಾ?"

"ಇನ್ನೂ ಇಲ್ಲ."

"ಕತ್ತರಿಸಬೇಡ. ಕತ್ತರಿಸಿದರೆ ಆ ನಲವತ್ತು ಸೀಟಿನಲ್ಲೂ ನಿನ್ನನ್ನೇ ಕೂರಿಸಿ ದಿನಾ ಬೂದಿಕೋಟೆಗೆ ಕರೆದುಕೊಂಡು ಹೋಗುತ್ತೇನೆ" ಎಂದೆ.

ನಕ್ಕ. ಯೋಚನೆ ಮಾಡುತ್ತೇನೆ ಎಂದ. ಯೋಚನೆ ಮಾಡುವುದಕ್ಕೆ ಏನಿದೆ ಅದರಲ್ಲಿ? ಮೂವತ್ತೆರಡು ಸೀಟು ತುಂಬಿ ಓಡುವ ಬಸ್ಸು ಬೇಕು ನನಗೆ. ನಲವತ್ತು ಸೀಟಿನ ಮೆರವಣಿಗೆ ಬೇಡ.

೨೮ ಜೂನ್, ಸಂಜೆ

ನರಸಮ್ಮ ಕೇಳಿದಳು, "ಒಸಾ ಬಸ್ಸಲ್ಲೂ ಅಲಗೆ ಇರ್ತದಾ ಬಾವಾ? ಇಲ್ಲಾಂದ್ರೆ ಈಗ್ಲೇ ಏಳ್ಬುಡು, ಎತ್ತು ನೋಡಿಟ್ಟಿದೀವಿ."

ಇರುತ್ತದೆ ಎಂದೆ. ಹದಿನಾಲ್ಕು ಜನರ ಮುಂದೆ. ಹೇಳಿದ ಮೇಲೆ ಆಯಿತು.

೩೦ ಜೂನ್

ಬೆಂಗಳೂರಿನಿಂದ ಮಾತಿಲ್ಲ, ಕಾಗದವಿಲ್ಲ. ಅನಸೂಯ ಬರೆದುಕೊಡುತ್ತೇನೆ ಎಂದಳು. ಬೇಡ, ಅವಳು 'ದಯವಿಟ್ಟು' ಸೇರಿಸುತ್ತಾಳೆ. ನಾನೇ ಕಾರ್ಡು ಬರೆದು ಹಾಕಿದೆ. ಹೀಗೆ—

ಕುಪ್ಪುಸ್ವಾಮಿ ಮೇಸ್ತ್ರಿಗೆ. ಸೀಟು ಮೂವತ್ತೆರಡು. ಹಿಂದೆ ಮೂರು ಕಡೆ ಹಲಗೆ. ಅಳತೆಯ ದಾರ ಕದಿರಪ್ಪನ ಕೈಯಲ್ಲಿ ಕಳಿಸಿದ್ದೇನೆ, ಅದರಲ್ಲಿ ಒಂದಂಗುಲ ಹೆಚ್ಚು ಕಡಿಮೆ ಆಗಕೂಡದು. ಜುಲೈ ಮೂವತ್ತೊಂದಕ್ಕೆ ಬಸ್ಸು ಬೇಕು. ಆಗದಿದ್ದರೆ ಚಾಸಿ ಬೇರೆ ಶೆಡ್ಡಿಗೆ ಎಳೆಸುತ್ತೇನೆ. ಕಟ್ಟುತ್ತೀಯೋ ಇಲ್ಲವೋ, ಜುಲೈ ಐದನೇ ತಾರೀಖಿನೊಳಗೆ ಉತ್ತರ ಬೇಕು.