ಬಹರೈನಿಗೆ ಹೋದ ಪ್ಲಂಬರ್ ಮತ್ತು ಅಮ್ಮನ ಬಾವಿ

ನೀರು ಸರಬರಾಜು ಕಚೇರಿಯ ಮಾನ್ಯ ಅಧಿಕಾರಿಗಳೇ,

ಒಡೆದ ಪೈಪನ್ನು ಸರಿಮಾಡಿಸಿಕೊಂಡ ಅಪರಾಧಕ್ಕೆ ನೀವು ನಮ್ಮ ಮನೆಯ ನಲ್ಲಿ ಸಂಪರ್ಕ ಕತ್ತರಿಸಿದ್ದೀರಿ. ಒಡೆದದ್ದು ಹಾಗೆಯೇ ಸೋರುತ್ತಿದ್ದರೆ ನಾವು ಇಂದಿಗೂ ನಿಮ್ಮ ಮರ್ಯಾದಸ್ಥ ಗ್ರಾಹಕರಾಗಿ ಉಳಿಯುತ್ತಿದ್ದೆವು. ಲೈಸೆನ್ಸ್ ಇಲ್ಲದವನ ಕೈ ತಾಗಿತು ಎಂಬುದು ತಮ್ಮ ಆಕ್ಷೇಪ. ನಿಯಮವೇ ಬೇಡ ಎನ್ನುವವನು ನಾನಲ್ಲ. ಕಂಡಕಂಡವರು ಪೈಪು ಕೊರೆದರೆ ಊರಿನ ನೀರೆಲ್ಲ ಚರಂಡಿ ಪಾಲು. ಆದರೆ ಲೈಸೆನ್ಸ್ ಇರುವವನು ಎಲ್ಲಿದ್ದಾನೆ, ಸ್ವಾಮಿ?

ಬನ್ನಂಜೆಯ ನಮ್ಮ ಭಾಗಕ್ಕೆ ನೀವು ಒಪ್ಪಿದ ಪ್ಲಂಬರ್ ಕಟಪಾಡಿಯ ಜೋನ್. ಹೋದ ವರ್ಷ ಅವನು ಬಹರೈನಿಗೆ ಹೋದ. ಹೋಗುವಾಗ ಸ್ಪ್ಯಾನರು, ಚೀಲ, ಸೈಕಲ್ಲು ಎಲ್ಲವನ್ನೂ ಜತೆಗೇ ದುಡಿಯುತ್ತಿದ್ದ ತನ್ನ ತಮ್ಮ ರೇಮಂಡನಿಗೆ ಕೊಟ್ಟ. ರೇಮಂಡ್ ಲೈಸೆನ್ಸಿಗೆ ಅರ್ಜಿ ಹಾಕಿದರೆ, ಆ ಭಾಗಕ್ಕೆ ಈಗಾಗಲೇ ಒಬ್ಬ ಪ್ಲಂಬರ್ ಇದ್ದಾನೆ ಎಂದು ತಮ್ಮ ಕಚೇರಿ ಹಿಂದಕ್ಕೆ ಕಳುಹಿಸಿತು. ಇದ್ದಾನೆ, ನಿಜ. ನಮ್ಮ ಪೈಪು ಒಡೆದ ಸದ್ದು ಸಮುದ್ರ ದಾಟಿ ಅವನಿಗೆ ಕೇಳಿಸಬೇಕೆಂದು ತಮ್ಮ ನಿರೀಕ್ಷೆಯೇ?

ಒಡೆದದ್ದು ಬಾವಿಕಟ್ಟೆಯ ಬುಡದಲ್ಲಿ. ಆ ಬಾವಿ ನನ್ನ ಅಮ್ಮ ವನಜಾಕ್ಷಿಯವರದು. ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆಂದು ತಿಳಿದ ದಿನದಿಂದ ಅವರು ನಲ್ಲಿನೀರನ್ನು ಬಾಯಿಗೆ ಹಾಕಿದವರಲ್ಲ. ಸ್ನಾನ ಮಾಡಿ, ಮಡಿಯುಟ್ಟು, ತಾವೇ ಸೇದಿದ ನೀರೇ ಆಗಬೇಕು. ಕಟ್ಟೆಯ ಹತ್ತಿರ ನನ್ನ ಹೆಂಡತಿ ಸುಭಾಷಿಣಿಗೇ ಪ್ರವೇಶ ಕಷ್ಟ. ಅಂಥ ಕಟ್ಟೆಯ ಅಡಿಯ ಮಣ್ಣನ್ನು ತಮ್ಮ ನೀರು ಬೆಳಿಗ್ಗೆ ಸಂಜೆ ತಪ್ಪದೆ ಕೊರೆಯತೊಡಗಿತು. ಕೆಂಪುಕಲ್ಲೊಂದು ಜಾರಿ ಬಾವಿಗೆ ಬಿತ್ತು. ಅಮ್ಮನ ಮುಖ ನೋಡಲಾಗದೆ ನಾನು ತಮ್ಮ ಕಚೇರಿಗೆ ಓಡಿದೆ. ರಸ್ತೆಯ ವಾಲ್ವ್ ಮುಚ್ಚಲು ಲೈಸೆನ್ಸಿನವನ ಚೀಟಿ ಬೇಕು ಎಂದರು ಗುಮಾಸ್ತರು. ಅವನು ಬಹರೈನಿನಲ್ಲಿದ್ದಾನೆ ಎಂದೆ.

"ರಜೆಗೆ ಬರ್ತಾನಲ್ಲ, ಅವಸರ ಎಂತದು?" ಎಂದರು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾನು ಮನೆಗೆ ಬರುವಾಗ ಇನ್ನೊಂದು ಕಲ್ಲು ಅಲುಗುತ್ತಿತ್ತು. ವಿಷಯ ತಿಳಿದು ಬಂದಿದ್ದ ರೇಮಂಡ್ ಗೇಟಿನ ಹೊರಗೇ ನಿಂತಿದ್ದ. ಅಮ್ಮನ ಮಡಿ ಇಡೀ ಬೀದಿಗೆ ಗೊತ್ತು. ಅಮ್ಮ ಬಾವಿಯನ್ನು ನೋಡಿದರು, ಅವನನ್ನು ನೋಡಿದರು.

"ಬಾ ಮಾರಾಯ, ಕಟ್ಟೆ ಹತ್ತು. ಬಾವಿ ಉಳಿದರೆ ಅಲ್ವಾ ಮಡಿ?"

"ಚಪ್ಪಲಿ ಹೊರಗೇ ಬಿಟ್ಟಿದ್ದೇನೆ ಅಮ್ಮಾ," ಎನ್ನುತ್ತ ರೇಮಂಡ್ ಅಳುಕಿಕೊಂಡೇ ಹತ್ತಿದ. ನೀರು ಬಾರದ ಹೊತ್ತಿನಲ್ಲಿ ಪೈಪು ಬದಲಾಯಿಸಿ, ಬಿದ್ದ ಕಲ್ಲಿನ ಜಾಗಕ್ಕೆ ಹೊಸ ಕಲ್ಲು ಕೂರಿಸಿದ. ಅಮ್ಮ ಅವನಿಗೆ ಅದೇ ಬಾವಿಯ ನೀರು ಸೇದಿ, ಬೆಲ್ಲದ ತುಂಡಿನ ಜೊತೆ ಕೊಟ್ಟರು. ಅದನ್ನು ಕಂಡು ನನ್ನ ಕಣ್ಣು ತುಂಬಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ವಾರದೊಳಗೆ ತಮ್ಮವರು ಬಂದರು. ವಾಲ್ವ್ ಮುಚ್ಚಲು ಬೇಕಾದ ಚೀಟಿ ಸಂಪರ್ಕ ಕತ್ತರಿಸಲು ಬೇಕಾಗಲಿಲ್ಲ. ಈಗ ಮನೆಮಂದಿಯೆಲ್ಲ ಅಮ್ಮನ ಬಾವಿಯ ಹಗ್ಗ ಹಿಡಿಯುತ್ತಿದ್ದೇವೆ, ಅಮ್ಮನ ಸರದಿ ಮುಗಿದ ಮೇಲೆ ಸುಭಾಷಿಣಿಯದು.

ಆದ್ದರಿಂದ ನಮ್ಮ ನಲ್ಲಿಯನ್ನು ಜೋಡಿಸಿಕೊಡಿ. ರೇಮಂಡನನ್ನು ಬೇಕಾದರೆ ಪರೀಕ್ಷಿಸಿ, ಲೈಸೆನ್ಸ್ ಕೊಡಿ. ಈ ಪತ್ರ ಓದಿಹೇಳಿದಾಗ ಅಮ್ಮ ಕೇಳಿದ ಪ್ರಶ್ನೆಗೆ ತಮ್ಮಲ್ಲಿ ಉತ್ತರವಿದ್ದರೆ ತಿಳಿಸಿ:

"ಈ ವಯಸ್ಸಿನಲ್ಲಿ ನಾನೇ ಮಡಿ ಬಿಟ್ಟೆ. ಅವರಿಗೆ ಬಿಡಲಿಕ್ಕೆ ಎಂತ ಕಷ್ಟ?"

ಇಂತಿ,
ನಲ್ಲಿಯ ಎದುರಲ್ಲೇ ನೀರು ಸೇದುತ್ತಿರುವ
ಹಯಗ್ರೀವ
ಬನ್ನಂಜೆ, 1983