ನೀನು ಬಾಯಿ ಬಿಟ್ಟಿದ್ದೇ ಒಳ್ಳೆಯದಾಯಿತು

ಪ್ರೀತಿಯ ಗುಂಡಣ್ಣನಿಗೆ,

ನೀನು ನಮ್ಮ ಮನೆ ಕಡೆ ತಲೆಹಾಕಿ ಎಷ್ಟು ದಿನವಾಯಿತು! ಗೆಳೆಯನ ಗುಟ್ಟು ರಟ್ಟು ಮಾಡಿದೆನೆಂದು ಕೊರಗುತ್ತಿದ್ದೀಯಂತೆ. ಕೊರಗಬೇಡ.

ಅವತ್ತು ಪಾರ್ಟಿಯಿಂದ ನನ್ನ ಮಗನನ್ನು ಹೊತ್ತು ತಂದಾಗ ಉಳಿದವರೆಲ್ಲ, "ಸ್ವಲ್ಪ ಜಾಸ್ತಿ ಕುಡಿದಿದಾನೆ ಆಂಟಿ, ಮಲಗಿದ್ರೆ ಸರಿಹೋಗತ್ತೆ" ಎಂದರು. ನಾನೂ ನಂಬಿ, ಬೈಯುತ್ತಲೇ ಅವನ ತಲೆಗೆ ದಿಂಬು ಕೊಡುತ್ತಿದ್ದೆ. ನೀನೊಬ್ಬನೇ ಬಾಗಿಲು ಬಿಟ್ಟು ಕದಲದೆ, "ಇಲ್ಲ ಆಂಟಿ, ಕುಡಿದ ಮೇಲೆ ಮತ್ತಿನ ಮಾತ್ರೇನೂ ನುಂಗಿದಾನೆ. ಆಸ್ಪತ್ರೆಗೆ ಹೋಗೋಣ ಬನ್ನಿ" ಎಂದೆ.

ಎರಡೂ ಸೇರಿ ಅವನ ಉಸಿರನ್ನೇ ಅಡಗಿಸುತ್ತಿದ್ದವು, ಮಲಗಲು ಬಿಟ್ಟಿದ್ದರೆ ಏಳುತ್ತಿರಲಿಲ್ಲ ಎಂದರು ಡಾಕ್ಟರು. ನೀನು ಮಾತ್ರೆಯ ವಿಷಯ ಮುಚ್ಚಿಡದೆ ಹೇಳಿದ್ದರಿಂದಲೇ ಅವರಿಗೆ ದಾರಿ ಸಿಕ್ಕಿತು.

ಈಗ ಅವನಿಗೆ ನಿನ್ನ ಮೇಲೆ ಮುನಿಸು. "ಅಮ್ಮನ ಮುಂದೆ ನನ್ನ ಮಾನ ಕಳೆದ" ಅಂತಾನೆ. ಮುನಿಸಿಕೊಳ್ಳಲಿ ಬಿಡು. ಮುನಿಸಿಕೊಳ್ಳುವುದಕ್ಕೆ ಅವನು ಇದ್ದಾನಲ್ಲ, ನನಗೆ ಅಷ್ಟು ಸಾಕು.

ಭಾನುವಾರ ಊಟಕ್ಕೆ ಬಾ. ಅವನು ಬಾಗಿಲು ತೆರೆಯದಿದ್ದರೆ ಹಿತ್ತಲ ಕಡೆಯಿಂದ ಬಾ, ನಾನು ಅಡುಗೆಮನೆಯಲ್ಲೇ ಇರುತ್ತೇನೆ. ನಿನ್ನ ತಟ್ಟೆಯನ್ನು ಅವನ ಪಕ್ಕದಲ್ಲೇ ಇಡುತ್ತೇನೆ. ಜಗಳವಾಡುವುದಿದ್ದರೆ ಇಬ್ಬರೂ ಹೊಟ್ಟೆತುಂಬ ಉಂಡು ಆಮೇಲೆ ಆಡಿ.

ನಿನ್ನ ದಾರಿ ನೋಡುವ,
ಗೆಳೆಯನ ಅಮ್ಮ