ಇಪ್ಪತ್ತಮೂರನೆಯ ಕೊಂಬನ್ನು ಮುಟ್ಟಬೇಡಿ

ವನ್ಯಜೀವಿ ಸಾಕ್ಷ್ಯ ಭಂಡಾರದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಕಳೆದ ವರ್ಷ ಮಾರ್ಚ್ ಹನ್ನೊಂದರಂದು, ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಮೂರರೊಳಗೆ, ನಿಮ್ಮ ಕಚೇರಿಯ ನೆಲಮಹಡಿಯಲ್ಲಿ ಇಪ್ಪತ್ತೆರಡು ಜಿಂಕೆ ಕೊಂಬುಗಳ ಬುಡವನ್ನು ಲೇಸರಿನಿಂದ ಸುಡಲಾಯಿತು. ಸುಡಿಸಿದವರು ನೀವು. ಅದಕ್ಕಾಗಿ ಹನ್ನೊಂದು ತಿಂಗಳಿಂದ ಅಮಾನತಿನಲ್ಲಿ ಕೂತಿರುವವನು ನಿಮ್ಮ ಉಗ್ರಾಣಪಾಲಕ, ಅಂದರೆ ನನ್ನ ತಮ್ಮ.

'ಸುಡಲಾಯಿತು' ಎಂಬ ಮಾತು ನಿಮಗೆ ಹಿಡಿಸುವುದಿಲ್ಲವೆಂದು ಬಲ್ಲೆ. ನಿಮ್ಮ ಪತ್ರಿಕಾ ಪ್ರಕಟಣೆಯಲ್ಲಿ ಅದಕ್ಕೆ 'ಬಿಸಿಯಿಲ್ಲದ ಅತ್ಯಾಧುನಿಕ ಲೇಸರಿನಿಂದ ಶಾಶ್ವತ ಗುರುತು' ಎಂಬ ಚೆಂದದ ಹೆಸರಿತ್ತು. ಆ ಪ್ರಕಟಣೆ ನನ್ನ ಬಳಿ ಇದೆ. ಮೂವತ್ತೊಂದು ವರ್ಷ ಸಾರ್ವಜನಿಕ ಗ್ರಂಥಾಲಯದ ವಾಚನಾಲಯ ನೋಡಿಕೊಂಡವಳು ನಾನು. ಪತ್ರಿಕೆಯನ್ನು ಕತ್ತರಿಸಿ ಇಟ್ಟುಕೊಳ್ಳುವುದು ನನಗೆ ನಿವೃತ್ತಿಯಾದ ಮೇಲೂ ಬಿಡದ ಚಟ. ನಿಮ್ಮಂಥ ದೊಡ್ಡವರು ಹೇಳಿ ಮರೆತದ್ದೆಲ್ಲ ನಮ್ಮ ಮನೆಯ ರಟ್ಟಿನ ಪೆಟ್ಟಿಗೆಗಳಲ್ಲಿ ಇಸವಿವಾರು ಇದೆ.

ಪತ್ರಿಕೆಯಲ್ಲಿ ಈ ಬಹಿರಂಗ ಪತ್ರ ನೋಡುತ್ತಿರುವ, ವಿಷಯ ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ. ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ ಇಪ್ಪತ್ತಮೂರು ಜಿಂಕೆ ಕೊಂಬುಗಳು ಸಿಕ್ಕವು. ತಾನು ಸಾಕಿದ ಜಿಂಕೆಗಳು ಉದುರಿಸಿದ ಕೊಂಬುಗಳಿವು ಎಂದು ಅವನು ಹೇಳಿದ. ಬೆಟ್ಟದ ರಕ್ಷಿತ ಹಿಂಡಿನವು ಎಂದು ಅರಣ್ಯದವರು ಹೇಳಿದರು. ಇದನ್ನು ಮಾತಿನಲ್ಲಿ ತೀರ್ಮಾನಿಸುವ ಕಾಲ ಹೋಯಿತು. ವನ್ಯಜೀವಿ ತಳಿವಿಜ್ಞಾನದ ಸಂಶೋಧಕರು ಆರು ವರ್ಷ ಆ ಬೆಟ್ಟಗಳನ್ನು ಹತ್ತಿ ಇಳಿದು, ಹಿಕ್ಕೆ ಹೆಕ್ಕಿ, ಮುಳ್ಳಿಗೆ ಸಿಕ್ಕ ಕೂದಲನ್ನು ಚಿಮಟಿಯಲ್ಲಿ ಎತ್ತಿ, ಯಾವ ಕಣಿವೆಯ ಹಿಂಡಿಗೆ ಯಾವ ಡಿಎನ್‌ಎ ಗುರುತು ಎಂಬ ಪಟ್ಟಿ ಮಾಡಿಟ್ಟಿದ್ದಾರೆ. ಒಂದು ಚಿಟಿಕೆ ಮೂಳೆಪುಡಿ ಕೊಟ್ಟರೆ ಸಾಕು, ಕೊಂಬು ದೊಡ್ಡಿಯದೋ ಬೆಟ್ಟದ್ದೋ ಎಂದು ಹೇಳಬಲ್ಲರು. ಜಿಂಕೆಯ ಕೊಂಬು ದನದ ಕೊಂಬಿನಂತಲ್ಲ, ಅದು ಮೂಳೆ. ಅದರ ಬುಡದಲ್ಲಿ ಡಿಎನ್‌ಎ ಚೆನ್ನಾಗಿ ಸಿಗುತ್ತದಂತೆ.

ಆ ಬುಡವನ್ನೇ ನೀವು ಆರಿಸಿಕೊಂಡಿರಿ.

ಇಲ್ಲಿ ಒಂದು ಸತ್ಯವನ್ನು ನಾನೇ ಹೇಳಿಬಿಡಬೇಕು, ನೀವು ಹುಡುಕಿ ತೆಗೆದು ನನ್ನ ಮುಖಕ್ಕೆ ಹಿಡಿಯುವ ಮೊದಲು. ಗುರುತು ಬುಡದಲ್ಲಿರಬೇಕು ಎಂಬ ನಿಯಮ ಬರೆದು ಉಗ್ರಾಣದ ಗೋಡೆಗೆ ಅಂಟಿಸಿದವನು ನನ್ನ ತಮ್ಮನೇ. ಹದಿನೆಂಟು ವರ್ಷದ ಹಿಂದಿನ ಮಾತು. ಆಗ ಗುರುತು ಹಾಕುತ್ತಿದ್ದದ್ದು ಮಸಿಯಲ್ಲಿ. ಬುಡ ಅಗಲ, ಕೈ ಹೆಚ್ಚು ತಾಗದು, ಅಂಕಿ ಅಳಿಸದು. ಅದರ ಕೆಳಗೆ ಇನ್ನೊಂದು ಸಾಲೂ ಇತ್ತು: ಪರೀಕ್ಷೆಗೆ ಪುಡಿ ತೆಗೆಯುವಾಗ ಗುರುತು ಇರುವ ಕಡೆಯೇ ಕೊರೆಯಬೇಕು, ಸಾಕ್ಷ್ಯದ ಮೈಮೇಲೆ ಎರಡು ಕಡೆ ಗಾಯ ಬೇಡ. ಮಸಿಯ ಕಾಲಕ್ಕೆ ಎರಡೂ ಬುದ್ಧಿವಂತ ಸಾಲುಗಳೇ. ನೀವು ಮಸಿ ತೆಗೆದು ಲೇಸರ್ ತಂದಿರಿ. ಗೋಡೆಯ ಚೀಟಿ ಹಾಗೇ ಉಳಿಯಿತು. ಮೊದಲು ಬುಡವನ್ನು ಸುಟ್ಟು ಅಂಕಿ ಬರೆಯುವುದು, ಆಮೇಲೆ ಸುಟ್ಟ ಜಾಗದಿಂದಲೇ ಪುಡಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು. ಯಂತ್ರ ತಂದವರಿಗೆ ಆ ಚೀಟಿಯನ್ನು ಇನ್ನೊಮ್ಮೆ ಓದುವ ಕರ್ತವ್ಯವಿರಲಿಲ್ಲವೇ? ನಿಮ್ಮ ಕಚೇರಿಯಲ್ಲಿ ಯಂತ್ರಕ್ಕೆ ಉದ್ಘಾಟನೆ ಇದೆ, ನಿಯಮಕ್ಕೆ ಮರುಪರಿಶೀಲನೆ ಇಲ್ಲ.

ನನ್ನ ತಮ್ಮನನ್ನು ನಿಮ್ಮವರೆಲ್ಲ 'ಚಿಲಕಣ್ಣ' ಎಂದು ಕರೆಯುತ್ತಾರೆ. ಬಾಗಿಲು ಹಾಕಿ, ಚಿಲಕ ಎಳೆದು, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆದು ನೋಡುವವನು. ಅಂಥವನು ಆ ದಿನ ಕೊಂಬುಗಳನ್ನು ಒಂದೊಂದಾಗಿ ಕೈಯಾರೆ ಯಂತ್ರದೊಳಗೆ ಇಟ್ಟ. ಮೂರನೆಯದಕ್ಕೇ ಮೂಗು ಹಿಡಿದುಕೊಂಡನಂತೆ.

"ಸುಟ್ಟ ವಾಸನೆ ಬರ್ತಿದೆಯಲ್ರೀ."

ಯಂತ್ರ ನಡೆಸಲು ಬಂದಿದ್ದಾತ ನಕ್ಕನಂತೆ. "ಹಲ್ಲಿನ ಡಾಕ್ಟರ ಹತ್ರ ಹೋಗಿಲ್ವಾ ಸಾರ್ ಯಾವತ್ತೂ? ಮೂಳೆ ಅಂದ್ರೆ ವಾಸನೆ ಬರೋದೇ."

ನನ್ನ ತಮ್ಮ ಮೇಲಿನ ಮಹಡಿಗೆ ಬಂದು ನಿಮಗೆ ಹೇಳಿದ. ನೀವು ಕೊಟ್ಟ ಉತ್ತರ ಅವನಿಗೆ ಅಕ್ಷರಶಃ ನೆನಪಿದೆ, ನನಗೂ ಈಗ ಬಾಯಿಪಾಠ: "ಕಿಟಕಿ ತೆಗೀರಿ. ಅದಕ್ಕೂ ನನ್ನ ಸಹಿ ಬೇಕೇನ್ರೀ?"

ಕಿಟಕಿ ತೆಗೆದರು. ಇಪ್ಪತ್ತೆರಡು ಮುಗಿದವು. ಇಪ್ಪತ್ತಮೂರನೆಯದು ಕವಲೊಡೆದು ಸೊಟ್ಟಗೆ ತಿರುಗಿದ ಕೊಂಬು. ಹೇಗೆ ಇಟ್ಟರೂ ಯಂತ್ರದ ಮುಚ್ಚಳ ಕೂರಲಿಲ್ಲ. ಮುಚ್ಚಳ ಕೂರದೆ ಆ ಯಂತ್ರ ಓಡುವುದಿಲ್ಲ. "ಇದನ್ನ ಆಮೇಲೆ ನೋಡೋಣ ಬಿಡಿ" ಎಂದು ಪಕ್ಕಕ್ಕಿಟ್ಟರು. ಗುರುತಿಲ್ಲದ ವಸ್ತುವನ್ನು ಪರೀಕ್ಷೆಗೆ ಕಳಿಸುವ ಹಾಗಿಲ್ಲವಾದ್ದರಿಂದ ಅದು ಪ್ರಯೋಗಾಲಯಕ್ಕೂ ಹೋಗಲಿಲ್ಲ. ಅದೇ ಕೋಣೆ, ಅದೇ ಕಪಾಟು, ಎರಡನೆಯ ಹಲಗೆಯಲ್ಲಿ ಇಂದಿಗೂ ಬಿದ್ದಿದೆ. ಓದುಗರು ದಯವಿಟ್ಟು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಇಪ್ಪತ್ತೆರಡರಲ್ಲಿ ಒಂದರಲ್ಲೂ ಓದಬಲ್ಲ ಡಿಎನ್‌ಎ ಇಲ್ಲ. ಪ್ರಕರಣ ಬಿದ್ದುಹೋಯಿತು, ವ್ಯಾಪಾರಿ ಮನೆಗೆ ಹೋದ. ಯಾರ ಮೇಲಾದರೂ ಹೊರಿಸಬೇಕಲ್ಲ? ನಿಮ್ಮ ಆಂತರಿಕ ವರದಿ ಕಾರಣ ಕಂಡುಹಿಡಿಯಿತು: 'ಉಗ್ರಾಣದಲ್ಲಿ ತೇವಾಂಶ ನಿರ್ವಹಣೆಯ ಲೋಪ.' ಹದಿನೆಂಟು ವರ್ಷ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೇವಮಾಪಕ ನೋಡಿ ಗೋಡೆಯ ಹಾಳೆಯಲ್ಲಿ ಗೆರೆ ಎಳೆದವನ ಲೋಪ! ಆ ಹಾಳೆಗಳನ್ನು ತೋರಿಸಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 'ಅಧ್ಯಯನಕ್ಕಾಗಿ ಪಡೆಯಲಾಗಿದೆ' ಎಂಬ ಉತ್ತರ ಬಂತು. ಎಂಟು ತಿಂಗಳಾಯಿತು. ಒಂದು ಗೋಡೆಯ ಹಾಳೆಯನ್ನು ಎಂಟು ತಿಂಗಳು ಅಧ್ಯಯನ ಮಾಡುವ ವಿದ್ವಾಂಸರು ನಿಮ್ಮಲ್ಲಿ ಯಾರು? ಅವರನ್ನು ಒಮ್ಮೆ ನೋಡಬೇಕು.

ಅರ್ಜಿಗೆ ಸಿಕ್ಕ ಕಾಗದಗಳಲ್ಲಿ ಪ್ರಯೋಗಾಲಯದ ಮೂಲ ಪಟ್ಟಿಯೂ ಇತ್ತು. ಯಾರೂ ಓದುವುದಿಲ್ಲವೆಂದು ಕಳಿಸಿರಬೇಕು. ಅದರಲ್ಲಿ 'ಪುಡಿಯ ಬಣ್ಣ' ಎಂಬ ಕಾಲಮು ಇದೆ. ಇಪ್ಪತ್ತೆರಡು ಸಲ ಒಂದೇ ಮಾತು: ಕಂದು, ಕಂದು, ಕಂದು. ಕೆಳಗೆ ಪ್ರಯೋಗಾಲಯದವರ ಒಂದು ಸಾಲಿನ ಟಿಪ್ಪಣಿ: 'ಸಾಮಾನ್ಯವಾಗಿ ಬಿಳಿ ನಿರೀಕ್ಷಿತ.' ನಿಮ್ಮ ವರದಿಯಲ್ಲಿ ಈ ಕಾಲಮೂ ಇಲ್ಲ, ಈ ಸಾಲೂ ಇಲ್ಲ. ಇವು ಎಲ್ಲಿ ಉದುರಿದವು? ಇಪ್ಪತ್ತೆರಡು ಕೊಂಬುಗಳ ಒಳಮೈಯನ್ನು ಒಂದೇ ಬಣ್ಣಕ್ಕೆ ತಿರುಗಿಸುವ ತೇವವನ್ನು ನಾನಂತೂ ಕಂಡಿಲ್ಲ.

ನಾನು ವಿಜ್ಞಾನಿಯಲ್ಲ. ಆದರೆ ಓದಲು ಬರುತ್ತದೆ. ಲೇಸರಿನಿಂದ ಲೋಹ, ಗಾಜು, ಮೂಳೆಗಳನ್ನು ಕೆತ್ತುವ ಇತ್ತೀಚಿನ ಸಂಶೋಧನೆಗಳನ್ನು ಈ ಒಂದು ವರ್ಷದಲ್ಲಿ ಕೈಗೆ ಸಿಕ್ಕಷ್ಟು ಓದಿದೆ. ನೀವು ಹೇಳಿದ 'ಬಿಸಿಯಿಲ್ಲದ ಲೇಸರ್' ಸುಳ್ಳಲ್ಲ, ಅಂಥದ್ದು ನಿಜವಾಗಿಯೂ ಇದೆ. ಬೆಳಕನ್ನು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಸಣ್ಣ ಮಿಡಿತಗಳಾಗಿ ಬಿಡುತ್ತಾರೆ. ಬಿಸಿ ಅಕ್ಕಪಕ್ಕಕ್ಕೆ ಹರಡುವಷ್ಟು ಹೊತ್ತೇ ಸಿಗುವುದಿಲ್ಲ, ಅಷ್ಟರೊಳಗೆ ಆ ಕಣ ಎದ್ದುಹೋಗಿರುತ್ತದೆ. ನನ್ನ ಸಂಶಯ ಬೇರೆ: ನೀವು ಹೇಳಿದ್ದು ಆ ಯಂತ್ರ, ತರಿಸಿದ್ದು ಯಾವ ಯಂತ್ರ?

ಉದ್ಘಾಟನೆಯ ದಿನದ ಪತ್ರಿಕೆಯ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದೆ. ನೀವು ರಿಬ್ಬನ್ ಕತ್ತರಿಸುತ್ತಿದ್ದೀರಿ. ನಿಮ್ಮ ಎಡ ಮೊಣಕೈ ಹಿಂದೆ ಯಂತ್ರದ ಮುಚ್ಚಳವಿದೆ. ಮುಚ್ಚಳದ ಮೇಲೆ ಮೂರು ಪುಟ್ಟ ಚಿತ್ರಗಳು: ಒಂದು ಮರದ ಎಲೆ, ಒಂದು ಚಪ್ಪಲಿ, ಒಂದು ಕಾಗದದ ಹಾಳೆ. ಈ ಮೂರು ಚಿತ್ರಗಳನ್ನು ನಾನು ಬೇರೆಲ್ಲೋ ನೋಡಿದ್ದೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ನೆನಪಾಯಿತು. ಗ್ರಂಥಾಲಯದಲ್ಲಿ ನನ್ನನ್ನು ಬೀಳ್ಕೊಟ್ಟಾಗ ಕೊಟ್ಟ ಮರದ ಫಲಕವನ್ನು ಕೆತ್ತಿದ ಅಂಗಡಿಯ ಯಂತ್ರದ ಮೇಲೆ!

ಅಪ್ಪನ ಹಳೆಯ ಚಾಕು ಮನೆಯಲ್ಲಿತ್ತು, ಮೂಳೆಯ ಹಿಡಿಯದು. ಅದನ್ನು ತೆಗೆದುಕೊಂಡು ಆ ಅಂಗಡಿಗೆ ಹೋದೆ.

"ಏನ್ ಬರೀಬೇಕಮ್ಮಾ ಇದ್ರ ಮೇಲೆ?" ಎಂದು ಅಂಗಡಿಯವನು ಕೇಳಿದ.

"ಯಾವುದಾದ್ರೂ ನಂಬರ್ ಬರಿಯಪ್ಪ. ಇಪ್ಪತ್ತೆರಡು ಅಂತ ಬರಿ."

"ಪ್ರೆಸೆಂಟೇಶನ್ನಾ?"

"ಹೂಂ. ಒಬ್ಬ ದೊಡ್ಡ ಆಫೀಸರಿಗೆ."

"ಆಫೀಸರಿಗೆ ಚಾಕು ಕೊಡ್ತೀರಾ?" ಅವನು ಒಂದು ಹೆಜ್ಜೆ ಹಿಂದೆ ಸರಿದ. ಇದು ನಮ್ಮಪ್ಪನ ಚಾಕು, ಹಿಡಿ ಮಾತ್ರ ಕೊಡುತ್ತೇನೆಂದೆ. ನಕ್ಕ. ಆಮೇಲೆ ಹಿಡಿಯನ್ನು ಉಗುರಿನಲ್ಲಿ ಕೆರೆದು ನೋಡಿ ತಲೆಯಾಡಿಸಿದ. "ಬೇಡಮ್ಮಾ. ಇದು ಮರಕ್ಕೆ, ಚಕ್ಕಳಕ್ಕೆ ಇರೋ ಮಷೀನು. ಮೂಳೆಗೆ ಹಾಕಿದ್ರೆ ಸುಡತ್ತೆ. ಆಳ ಬರ್ಬೇಕು ಅಂದ್ರೆ ನಾಲ್ಕೈದು ಸಲ ಓಡಿಸ್ಬೇಕು, ಅಷ್ಟೊತ್ತಿಗೆ ಒಳಗೆಲ್ಲ ಕಾಫಿಪುಡಿ ಆಗಿರತ್ತೆ. ನಮ್ಮಪ್ಪನ ಚಾಕು ಅಂತೀರ, ಯಾಕೆ ಹಾಳು ಮಾಡ್ತೀರಿ?"

"ಹಾಳಾಗೋದನ್ನ ನೋಡೋಕೇ ಬಂದಿದೀನಿ, ಹಾಕು."

ಹಾಕಿದ. ಅಂಗಡಿ ತುಂಬ ಕೂದಲು ಸುಟ್ಟಂಥ ವಾಸನೆ ಎದ್ದಿತು. ಅಂಕಿ ಬಿದ್ದ ಜಾಗವನ್ನು ಸಣ್ಣ ಬೈರಿಗೆಯಲ್ಲಿ ಕೊರೆಸಿ ಪುಡಿಯನ್ನು ಬಿಳಿ ಕಾಗದದ ಮೇಲೆ ಉದುರಿಸಿದೆ. ಅದರ ಬಣ್ಣ ಏನೆಂದು ನಾನು ಹೇಳುವುದಿಲ್ಲ. ನಿಮ್ಮ ವರದಿಯಿಂದ ಉದುರಿಹೋದ ಕಾಲಮನ್ನು ನೋಡಿಕೊಳ್ಳಿ. ಎರಡಂಗುಲ ಆಚೆ, ಲೇಸರ್ ತಾಗದ ಕಡೆ ಕೊರೆದಾಗ ಬಂದ ಪುಡಿ ಸುಣ್ಣದಷ್ಟು ಬಿಳಿ. ಎರಡೂ ಪೊಟ್ಟಣಗಳು ನನ್ನ ಬಳಿ ಇವೆ. ಒಂದು ಚಾಕುವಿನ ಹಿಡಿಯಿಂದ ನಿಮ್ಮ ಕೊಂಬುಗಳ ಕಥೆ ಪೂರ್ತಿ ರುಜುವಾಗುವುದಿಲ್ಲ, ಅಷ್ಟು ನನಗೂ ಗೊತ್ತು. ಆದರೆ ಅಂಗಡಿಯವನಿಗೆ ಒಂದು ನೋಟಕ್ಕೆ ತಿಳಿದದ್ದು ಯಂತ್ರ ಆರಿಸಿದ ನಿಮ್ಮ ತಾಂತ್ರಿಕ ಸಮಿತಿಯ ಐವರಿಗೆ ತಿಳಿಯಲಿಲ್ಲವೇ? ತಿಳಿಯದೆ ಆದದ್ದೋ, ತಿಳಿದೂ ಆದದ್ದೋ? ಮೊದಲನೆಯದಾದರೆ ಅಜ್ಞಾನ, ಒಪ್ಪಿಕೊಂಡರೆ ಮುಗಿಯಿತು. ಎರಡನೆಯದು ಎಂದು ಯೋಚಿಸಲು ನನಗೇ ಭಯವಾಗುತ್ತದೆ. ಆದರೂ ಯೋಚಿಸುತ್ತೇನೆ, ಏಕೆಂದರೆ ಪ್ರಕರಣ ಬಿದ್ದದ್ದರಿಂದ ಯಾರಿಗೆ ಒಳ್ಳೆಯದಾಯಿತು ಎಂಬುದು ಕಣ್ಣೆದುರಿಗಿದೆ.

ಈಗ ನನ್ನ ತಮ್ಮನ ವಿಷಯ. ಅವನು ಈ ಪತ್ರ ಬೇಡವೆಂದ. ಅವನ ಅಡುಗೆಮನೆಯ ಗೋಡೆಗೆ ಈಗ ಒಂದು ತೇವಮಾಪಕ ತೂಗಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದನ್ನು ನೋಡುತ್ತಾನೆ.

"ಅತ್ತಿಗೆ, ಇವರಿಗೆ ಏನಾದ್ರೂ ಹೇಳಿ" ಎಂದು ಅವನ ಹೆಂಡತಿ ಹೋದ ವಾರ ನನ್ನ ಮುಂದೆ ಕಣ್ಣೀರು ಹಾಕಿದಳು. "ಅನ್ನದ ಪಾತ್ರೆ ಮುಚ್ಚಳ ತೆಗೆದ್ರೆ ಹಬೆ ಬಂತು ಅಂತ ಆ ಮಾಪಕದ ಮುಳ್ಳು ನೋಡ್ತಾರೆ."

"ಯಾಕೋ ಹಿಂಗೆ?" ಎಂದು ನಾನು ಗದರಿದೆ.

"ಅವರು ಹೇಳೋದೇ ನಿಜ ಇದ್ರೆ, ಅಕ್ಕಾ? ಯಾವತ್ತೋ ಒಂದಿನ ನಾನೇ ಕಿಟಕಿ ತೆಗೆದಿಟ್ಟು ಮರೆತಿದ್ರೆ? ಅಷ್ಟೂ ಕೊಂಬು ಹಿಡ್ಕೊಂಡಿದ್ದೋನು ನಾನೇ. ಆ ಚೀಟಿ ಬರೆದೋನೂ ನಾನೇ."

ಮಾನ್ಯರೇ, ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಹದಿನೆಂಟು ವರ್ಷ ಎರಡೆರಡು ಸಲ ಚಿಲಕ ನೋಡಿದವನಿಗೆ ತನ್ನ ಕೈಯ ಮೇಲೇ ನಂಬಿಕೆ ಹೋಗುವ ಹಾಗೆ ಮಾಡಿದ್ದೀರಲ್ಲ, ಅದನ್ನು ಯಾವ ಆದೇಶದಲ್ಲಿ ವಾಪಸು ಕೊಡುತ್ತೀರಿ?

ಅವನ ಸಂಶಯವನ್ನೂ ನನ್ನ ಸಂಶಯವನ್ನೂ ಒಂದೇ ಏಟಿಗೆ ತೀರಿಸುವ ವಸ್ತು ನಿಮ್ಮ ಕಪಾಟಿನಲ್ಲಿದೆ. ಅದೇ, ಮುಚ್ಚಳ ಕೂರದ ಇಪ್ಪತ್ತಮೂರನೆಯ ಕೊಂಬು. ಅದೇ ಗೋದಾಮಿನಿಂದ ಬಂದದ್ದು, ಅದೇ ಕೋಣೆಯ ಗಾಳಿ ಕುಡಿದದ್ದು. ಲೇಸರ್ ಒಂದು ಮಾತ್ರ ತಾಗಿಲ್ಲ. ತೇವದಿಂದ ಹಾಳಾಗಿದ್ದರೆ ಅದೂ ಹಾಳಾಗಿರಬೇಕು. ಹಾಳಾಗಿಲ್ಲದಿದ್ದರೆ ಕೋಣೆ ತಪ್ಪಿತಸ್ಥನಲ್ಲ, ಕೋಣೆಯ ಬೀಗ ಹಿಡಿದವನೂ ಅಲ್ಲ.

ಇಷ್ಟು ಸುಲಭದ ಪರೀಕ್ಷೆಯನ್ನು ಹನ್ನೊಂದು ತಿಂಗಳಿಂದ ಏಕೆ ಮಾಡಲಿಲ್ಲ ಎಂದು ಕೇಳೋಣವೆಂದುಕೊಂಡಿದ್ದೆ. ಅಷ್ಟರಲ್ಲಿ ನನ್ನ ತಮ್ಮನ ಹೆಂಡತಿ ಅವನ ವಿವರಣೆಯ ಪತ್ರ ಕೊಡಲು ನಿಮ್ಮ ಕಚೇರಿಗೆ ಬಂದಾಗ ಸೂಚನಾಫಲಕದ ಮೇಲೆ ಒಂದು ಸುತ್ತೋಲೆ ನೋಡಿದಳು. ದೊಡ್ಡ ಮುಚ್ಚಳದ ಹೊಸ ಯಂತ್ರ ಬರುತ್ತದಂತೆ. 'ಬಾಕಿ ಉಳಿದ ಒಂದು ವಸ್ತುವಿಗೂ ಇದೇ ತಿಂಗಳ ಇಪ್ಪತ್ತೆಂಟರಂದು ಗುರುತು ಹಾಕಿ ಕಡತ ಪೂರ್ಣಗೊಳಿಸಲಾಗುವುದು' ಎಂದಿದೆಯಂತೆ. ಮುಗಿದುಹೋದ ಪ್ರಕರಣದ, ಯಾರೂ ಕೇಳದ ಒಂದು ಸೊಟ್ಟ ಕೊಂಬಿಗೆ ಇಷ್ಟು ಅವಸರವೇಕೆ? ವರ್ಷವಿಡೀ ಮರೆತಿದ್ದ ಕೆಲಸ ಆ ಕೊಂಬು ಎಲ್ಲಿದೆ ಎಂದು ನಾನು ಎರಡನೆಯ ಅರ್ಜಿ ಹಾಕಿದ ವಾರದಲ್ಲೇ ಹೇಗೆ ನೆನಪಾಯಿತು? ಕಾಕತಾಳೀಯವೆಂದು ನೀವು ಹೇಳಬಹುದು. ವಾಚನಾಲಯದಲ್ಲಿ ಮೂವತ್ತೊಂದು ವರ್ಷ ಕೂತವಳಿಗೆ ಒಂದು ವಿಷಯ ಗೊತ್ತು: ಪತ್ರಿಕೆಯಿಂದ ಒಂದೇ ಒಂದು ಸುದ್ದಿ ಕತ್ತರಿಸಿ ಹೋಗಿದ್ದರೆ, ಕತ್ತರಿ ಹಿಡಿದವರಿಗೆ ಆ ಸುದ್ದಿ ಬೇಕಾಗಿತ್ತು, ಇಲ್ಲವೇ ಬೇಡವಾಗಿತ್ತು.

ಆದ್ದರಿಂದ ನನ್ನ ಕೇಳಿಕೆ ಇದೊಂದೇ. ಇಪ್ಪತ್ತೆಂಟರಂದು ಆ ಕೊಂಬನ್ನು ಮುಟ್ಟಬೇಡಿ. ನಿಮ್ಮ ಅಧೀನದಲ್ಲಿಲ್ಲದ ಪ್ರಯೋಗಾಲಯದವರು ಬರಲಿ, ಪತ್ರಕರ್ತರ ಎದುರು, ನನ್ನ ತಮ್ಮನ ಎದುರು ಪುಡಿ ತೆಗೆಯಲಿ. ಬಣ್ಣವನ್ನು ಎಲ್ಲರೂ ನೋಡಲಿ. ಅದರಲ್ಲಿ ಡಿಎನ್‌ಎ ಸಿಗದಿದ್ದರೆ ಇದೇ ಪತ್ರಿಕೆಯ ಇದೇ ಪುಟದಲ್ಲಿ ನಿಮ್ಮ ಕ್ಷಮೆ ಕೇಳುತ್ತೇನೆ, ತಮ್ಮನೂ ಶಿಕ್ಷೆಯನ್ನು ಬಾಯಿಮುಚ್ಚಿ ಅನುಭವಿಸುತ್ತಾನೆ. ಸಿಕ್ಕರೆ ಏನು ಮಾಡುತ್ತೀರಿ ಎಂಬುದನ್ನು ಪರೀಕ್ಷೆಗೆ ಮೊದಲೇ, ಇಪ್ಪತ್ತೆಂಟರೊಳಗೆ, ಇಲ್ಲಿಯೇ ಅಚ್ಚಿನಲ್ಲಿ ಹೇಳಿ. ಲಕೋಟೆಯಲ್ಲಿ ಉತ್ತರ ಕಳಿಸಬೇಡಿ, ನಾನು ಒಡೆಯುವುದಿಲ್ಲ.

ಇಂತಿ,
ನಿಮ್ಮ ಚಿಲಕಣ್ಣನ ಅಕ್ಕ,
ಅಪ್ಪನ ಚಾಕುವನ್ನು ನಿಮಗಾಗಿ ಕೆಡಿಸಿಕೊಂಡವಳು